ಅಪಾರ ಬಂಧುಬಳಗವನ್ನು ಅಗಲಿದ್ದಾರೆ

ಕರಾವಳಿಯ ಪತ್ರಿಕೆಗಳಲ್ಲಿ ನಿಧನ ವಾರ್ತೆಗೆ ಖಾಯಂ ಜಾಗವಿದೆ. ಪಾಸ್‌ಪೋರ್ಟ್ ಅಳತೆಯ ಫೋಟೊ, ಹೆಸರು, ಊರು, ವಯಸ್ಸು. ‘ಹಿರಿಯ ಮೀನುಗಾರರಾಗಿದ್ದ ಅವರು ಪತ್ನಿ, ಇಬ್ಬರು ಪುತ್ರರು, ಮೂವರು ಪುತ್ರಿಯರು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ.’ ಅಲ್ಲಿಗೆ ಮುಗಿಯಿತು. ಉಳ್ಳಾಲದವರಿರಲಿ, ಕಾರವಾರದವರಿರಲಿ, ಐವತ್ತು ಅರವತ್ತು ವರ್ಷ ಕಡಲಿಗೆ ಹೋಗಿ ಬಂದವರ ಬದುಕು ಇದೇ ಅಚ್ಚಿನಲ್ಲಿ ಹೊರಬೀಳುತ್ತದೆ. ಯಾವ ಬಲೆಯಲ್ಲಿ ದುಡಿದರು, ಯಾವ ದೋಣಿಗೆ ತಾಂಡೇಲರಾಗಿ ಚುಕ್ಕಾಣಿ ಹಿಡಿದರು, ಯಾವ ವರ್ಷದ ತೂಫಾನಿನಲ್ಲಿ ಬದುಕಿ ಬಂದರು, ಎಷ್ಟು ಹುಡುಗರಿಗೆ ನೀರಿನ ಗುರುತು ಕಲಿಸಿದರು, ಒಂದೂ ಇಲ್ಲ. ತೀರಿಕೊಂಡವರು ಹೆಂಗಸಾದರೆ ‘ಹಿರಿಯ ಮೀನುಗಾರ’ ಎನ್ನುವ ಆ ಒಂದು ಮಾತೂ ಬಹಳ ಸಲ ಇರುವುದಿಲ್ಲ. ನಲವತ್ತು ವರ್ಷ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆ ನಡೆಸಿದವಳು ಪತ್ರಿಕೆಯಲ್ಲಿ ಯಾರದೋ ಪತ್ನಿ, ಯಾರದೋ ತಾಯಿ.

ದೋಣಿ ಮುಳುಗಿ ಸತ್ತವರ ವಿಚಾರ ಬೇರೆ. ಅವರು ಮುಖಪುಟಕ್ಕೆ ಬರುತ್ತಾರೆ. ಆದರೆ ಅಲ್ಲಿಯೂ ಬರುವುದು ಅವರ ಸಾವು ಮಾತ್ರ. ಎಷ್ಟು ಗಂಟೆಗೆ ಹೊರಟರು, ಎಲ್ಲಿ ಮಗುಚಿತು, ಯಾರು ಈಜಿ ಬದುಕಿದರು, ಸರ್ಕಾರ ಎಷ್ಟು ಪರಿಹಾರ ಘೋಷಿಸಿತು. ಹೀಗೆ ಮನೆಯಲ್ಲಿ ಸತ್ತವರೂ ಕಡಲಲ್ಲಿ ಸತ್ತವರೂ ತಮ್ಮ ಬದುಕಿನ ಕತೆ ಹಿಂದೆ ಬಿಡದೆ ಹೋಗುತ್ತಿದ್ದಾರೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ 2010ರಲ್ಲಿ ನಡೆಸಿದ ಗಣತಿಯ ಪ್ರಕಾರ ನಮ್ಮ ರಾಜ್ಯದ ಕಡಲಂಚಿನಲ್ಲಿ 144 ಮೀನುಗಾರಿಕಾ ಹಳ್ಳಿಗಳು, ಸುಮಾರು 1.67 ಲಕ್ಷ ಜನ. ಮೊಗವೀರರು, ಖಾರ್ವಿಗಳು, ಹರಿಕಂತ್ರರು, ಅಂಬಿಗರು, ಗಾಬಿತರು, ದಾಲ್ದಿಗಳು, ಕ್ರೈಸ್ತ ಮೀನುಗಾರರು. ತುಳು, ಕುಂದಗನ್ನಡ, ಕೊಂಕಣಿ, ಬ್ಯಾರಿ, ನವಾಯತಿ ಮಾತುಗಳು. ಇಷ್ಟು ಸಣ್ಣ ಪಟ್ಟಿಯಲ್ಲಿ ಇಷ್ಟು ಬಗೆಯ ಜನ, ಇಷ್ಟು ಬಗೆಯ ಕಸುಬು ತುಂಬಿಕೊಂಡಿರುವಾಗ ಒಬ್ಬೊಬ್ಬ ಹಿರಿಯರು ಹೋದಾಗಲೂ ನಾವು ಕಳೆದುಕೊಳ್ಳುವುದು ಏನನ್ನು ಎಂದು ಒಮ್ಮೆಯಾದರೂ ಲೆಕ್ಕ ಹಾಕಬೇಕು.

ಈಗ ಎಂಬತ್ತೈದರ ಆಸುಪಾಸಿನಲ್ಲಿ ತೀರಿಕೊಳ್ಳುತ್ತಿರುವವರನ್ನೇ ತೆಗೆದುಕೊಳ್ಳಿ. ಅವರು ಹುಟ್ಟಿದ್ದು 1940ರ ಹೊತ್ತಿಗೆ. ಅವರ ಬಾಲ್ಯದಲ್ಲಿ ಬಲೆ ಎಂದರೆ ಹತ್ತಿಯದು, ಸೆಣಬಿನದು. ಅದು ಉಪ್ಪುನೀರಿಗೆ ಬೇಗ ಕೊಳೆಯುವುದರಿಂದ ಮರದ ತೊಗಟೆ ಕುದಿಸಿದ ಚೊಗರು ನೀರಿನಲ್ಲಿ ಅದ್ದಿ, ಮರಳ ಮೇಲೆ ಹರಡಿ ಒಣಗಿಸಬೇಕಿತ್ತು. ಕಡಲಿಗೆ ಇಳಿಯುವ ಮೊದಲು ಹುಡುಗರು ಕಲಿಯುತ್ತಿದ್ದುದು ಈ ಕೆಲಸವನ್ನೇ. ಆ ಮೇಲೆ ರಂಪಣಿ ಬಲೆ. ಇಂದಿನವರು ನೋಡುವ ಕೈರಂಪಣಿಯಿಂದ ಅದರ ಅಳತೆ ಊಹಿಸಲಾಗದು. ದೋಣಿಯಲ್ಲಿ ಬಲೆ ಒಯ್ದು ಮೀನಿನ ಹಿಂಡನ್ನು ಅರ್ಧಚಂದ್ರದ ಆಕಾರದಲ್ಲಿ ಸುತ್ತುವರಿದು, ಎರಡೂ ತುದಿಯ ಹಗ್ಗಗಳನ್ನು ದಡಕ್ಕೆ ತಂದು ಎಳೆಯುತ್ತಿದ್ದರು. ಒಂದೊಂದು ಬಲೆಗೆ ಐವತ್ತು, ಅರವತ್ತು, ಕೆಲವೊಮ್ಮೆ ಇನ್ನೂ ಹೆಚ್ಚು ಜನ. ಬಂಗುಡೆ, ಬೈಗೆ ಹೇರಳವಾಗಿ ಸಿಕ್ಕಿದಾಗ ಬಲೆಯನ್ನು ದಡದ ಹತ್ತಿರ ನೀರಿನಲ್ಲೇ ಕಟ್ಟಿ ನಿಲ್ಲಿಸಿ, ಮಾರುಕಟ್ಟೆ ನೋಡಿಕೊಂಡು ದಿನಗಟ್ಟಲೆ ಮೀನು ತೆಗೆಯುವುದೂ ಇತ್ತು. ದೋಣಿಗೊಂದು ಪಾಲು, ಬಲೆಗೊಂದು ಪಾಲು, ದುಡಿದವರಿಗೊಂದು ಪಾಲು; ಹಗ್ಗಕ್ಕೆ ಕೈ ಹಚ್ಚಿದ ಊರವನಿಗೂ ಸಾರಿಗಾಗುವಷ್ಟು ಮೀನು.

ಈ ಏರ್ಪಾಟಿನಲ್ಲಿ ಕೆಲವರ ಕಣ್ಣಿಗೆ ದೊಡ್ಡ ಬೆಲೆಯಿತ್ತು. ನೀರಿನ ಬಣ್ಣ ಎಲ್ಲಿ ಕಪ್ಪಾಯಿತು, ಹಕ್ಕಿಗಳು ಎಲ್ಲಿ ಎರಗುತ್ತಿವೆ, ಅಮಾವಾಸ್ಯೆಯ ಕತ್ತಲಲ್ಲಿ ಮೀನಿನ ಹಿಂಡು ಚಲಿಸಿದಾಗ ನೀರು ಎಲ್ಲಿ ಮಿನುಗಿತು, ಇವನ್ನು ನೋಡಿ ಅದು ಬಂಗುಡೆಯೋ ಬೈಗೆಯೋ ಎಂದು ಹೇಳಬಲ್ಲವರಿದ್ದರು. ದಿಕ್ಕಿಗೆ ಕಾಪುವಿನ ದೀಪಸ್ತಂಭ ಇತ್ತು (ಅದು 1901ರದು), ಮಲ್ಪೆಯೆದುರಿನ ದ್ವೀಪಗಳಿದ್ದವು, ಮುರ್ಡೇಶ್ವರದಾಚೆ ನೇತ್ರಾಣಿ ಇತ್ತು, ಹಿಂದೆ ಘಟ್ಟದ ನೆತ್ತಿಗಳಿದ್ದವು. ಒಂದು ಬೆಟ್ಟದ ತುದಿಯನ್ನು ದಡದ ಒಂದು ಮರಕ್ಕೋ ಗೋಪುರಕ್ಕೋ ಸಾಲು ಹಿಡಿದು, ಇನ್ನೊಂದು ದಿಕ್ಕಿನಿಂದಲೂ ಹಾಗೆಯೇ ಸಾಲು ಹಿಡಿದರೆ ನೀರಿನಡಿಯ ಕಲ್ಲು ಎಲ್ಲಿದೆ ಎಂದು ನಿಖರವಾಗಿ ತಿಳಿಯುತ್ತಿತ್ತು. ಆ ಕಲ್ಲುಗಳಿಗೆ ಊರೂರಿನಲ್ಲೂ ಹೆಸರುಗಳಿದ್ದವು. ಯಾವ ನಕಾಶೆಯಲ್ಲೂ ಕಾಣದ ಈ ಹೆಸರುಗಳು ಕೆಲವು ತಲೆಗಳಲ್ಲಿ ಮಾತ್ರ ಇದ್ದವು. ಆ ತಲೆಗಳು ಈಗ ಒಂದೊಂದಾಗಿ ಹೋಗುತ್ತಿವೆ. ಜಿಪಿಎಸ್ ಬಂದಿದೆಯಲ್ಲ ಎಂದು ಕೇಳಬಹುದು. ಜಿಪಿಎಸ್ ಜಾಗ ತೋರಿಸುತ್ತದೆ. ಆ ಜಾಗದಲ್ಲಿ ಯಾವ ತಿಂಗಳು ಯಾವ ಮೀನು ನಿಲ್ಲುತ್ತಿತ್ತು, ಈಗ ಯಾಕೆ ನಿಲ್ಲುತ್ತಿಲ್ಲ ಎನ್ನುವುದನ್ನು ನೆನಪಿದ್ದವರೇ ಹೇಳಬೇಕು.

ಈ ತಲೆಮಾರಿಗೆ ಇಪ್ಪತ್ತಾಗುವ ಹೊತ್ತಿಗೆ ಯಂತ್ರದ ದೋಣಿ ಬಂತು. 1953ರಲ್ಲಿ ಕೇರಳದಲ್ಲಿ ಶುರುವಾದ ನಾರ್ವೆ ಸಹಕಾರದ ಯೋಜನೆ ಮುಂದೆ ಕಾರವಾರಕ್ಕೂ ಬಂತು. ನೈಲಾನ್ ಬಂದು ಚೊಗರು ಕುದಿಸುವ ಹಂಡೆಗಳು ಮೂಲೆ ಸೇರಿದವು. ಸಿಗಡಿಗೆ ಹೊರದೇಶದಲ್ಲಿ ಬೆಲೆ ಬಂದು ಟ್ರಾಲ್ ದೋಣಿಗಳು ಹೆಚ್ಚಿದವು. ಮೂವತ್ತೈದು ದಾಟುವಾಗ, ಅಂದರೆ 1970ರ ದಶಕದ ನಡುವಿನಲ್ಲಿ, ಪರ್ಸೀನ್ ಬಂತು. ಹಿಂಡು ದಡಕ್ಕೆ ಬರುವ ಮೊದಲೇ ಆಳದಲ್ಲಿ ಸುತ್ತಿ ಎತ್ತುವ ಆ ಬಲೆಯೆದುರು ರಂಪಣಿ ನಿಲ್ಲಲಿಲ್ಲ. ಎರಡು ಕಡೆಯವರ ನಡುವೆ ಜಗಳ, ಹೊಡೆದಾಟ ಆದವು. ಕಡೆಗೆ ಸಾಲ ಪಡೆದು ರಂಪಣಿಯವರೇ ಗುಂಪುಗೂಡಿ ಪರ್ಸೀನ್ ದೋಣಿ ಕೊಂಡದ್ದೂ ಆಯಿತು. ಐದಾರು ವರ್ಷದೊಳಗೆ ಒಂದು ಕಾಲ ಮಗುಚಿತು. ಅದನ್ನು ನಲವತ್ತರ ಹೊಸ್ತಿಲಲ್ಲಿ ಮೈಮೇಲೆ ಹೊತ್ತವರು ಇವರು. ಇಂಥವರಲ್ಲಿ ಒಬ್ಬರು ತೀರಿಕೊಂಡಾಗ ‘ಹಿರಿಯ ಮೀನುಗಾರ’ ಎಂದಷ್ಟೇ ಬರೆದು ಮುಗಿಸುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಹೆಂಗಸರ ಕತೆ ಇನ್ನೂ ದೊಡ್ಡದು, ಇನ್ನೂ ಕಡಿಮೆ ಬರೆಯಲಾದದ್ದು. ದೋಣಿ ದಡ ಮುಟ್ಟಿದ ಮೇಲೆ ಮೀನು ಅವರದು. ಏಲಂ ಕೂಗುವಲ್ಲಿ ನಿಂತು ಮೀನು ಹಿಡಿದು, ಬುಟ್ಟಿ ತುಂಬಿಸಿ, ತಲೆಗೆ ಸಿಂಬೆ ಇಟ್ಟು ಹೊರಟರೆ ಹೊಳೆ ದಾಟಿ, ಗದ್ದೆಯ ಅಂಚು ಹಿಡಿದು, ಒಳನಾಡಿನ ಮನೆ ಮನೆಗೆ. ಮೈಮೇಲೆ ಉಪ್ಪುನೀರು ಸೋರುತ್ತಲೇ ಇರುತ್ತಿತ್ತು. ಬಸ್ಸು ಬಂದ ಮೇಲೂ ಬುಟ್ಟಿಗೆ ಅದರಲ್ಲಿ ಜಾಗ ಸುಲಭಕ್ಕೆ ಸಿಗುತ್ತಿರಲಿಲ್ಲ. ದುಡ್ಡು ಕೈಯಲ್ಲಿ ಓಡಾಡದ ಕಾಲದಲ್ಲಿ ಮೀನಿಗೆ ಅಕ್ಕಿ, ತೆಂಗಿನಕಾಯಿ, ಮಾವಿನ ಮಿಡಿ. ಯಾವ ಮನೆಯಲ್ಲಿ ಎಷ್ಟು ಬಾಕಿ, ಯಾರಿಗೆ ಸೋಮವಾರ ಮೀನಾಗದು, ಯಾವ ಮನೆಯ ಹಿರಿಯರಿಗೆ ಮುಳ್ಳಿಲ್ಲದ ಮೀನೇ ಬೇಕು, ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಅವಳಿಗೆ ಏನು ಕೊಡಬಹುದು, ಇದೆಲ್ಲದರ ಲೆಕ್ಕ ಬರಹ ಬಾರದ ಆ ತಲೆಯಲ್ಲಿ ತಪ್ಪದೆ ಇರುತ್ತಿತ್ತು. ಊರಿಂದೂರಿಗೆ ಸುದ್ದಿ ಒಯ್ದವರು ಅವರು. ಎಷ್ಟೋ ಮದುವೆಗಳ ಮಾತು ಮೊದಲು ಹುಟ್ಟಿದ್ದು ಮೀನು ಕೊಯ್ಯುವ ಅಂಗಳದಲ್ಲಿ.

ಮೊಗವೀರರಲ್ಲಿ ಬಳಿ, ಎಂದರೆ ಕುಲದ ಗುರುತು, ಬರುವುದು ತಾಯಿಯಿಂದ. ಅಳಿಯ ಸಂತಾನದ ಕಟ್ಟಿನಲ್ಲಿ ಮನೆಯ ಬೇರು ಹೆಣ್ಣಿನಲ್ಲಿತ್ತು. ಕಾನೂನು ಬದಲಾದರೂ ಮೀನು ಮಾರಿದ ಹಣದ ಮೇಲಿನ ಹಿಡಿತ ಹೆಂಗಸರ ಕೈಯಲ್ಲೇ ಬಹುಕಾಲ ಉಳಿಯಿತು. ಗಂಡ ಕಡಲಲ್ಲಿ ಹೋದ ಮೇಲೆ ಮಕ್ಕಳನ್ನು ಓದಿಸಿದ್ದು, ಹೆಣ್ಣುಮಕ್ಕಳ ಮದುವೆ ಮಾಡಿದ್ದು, ಹಂಚಿನ ಮನೆ ಕಟ್ಟಿಸಿದ್ದು ಆ ಬುಟ್ಟಿಯಿಂದಲೇ ಎನ್ನುವ ಮನೆಗಳು ಪ್ರತಿ ಪಟ್ಣದಲ್ಲೂ, ಎಂದರೆ ಮೀನುಗಾರರ ಕೇರಿಯಲ್ಲೂ, ಇವೆ. ಮಳೆಗಾಲಕ್ಕೆ ಒಣಮೀನು, ಒಣಸಿಗಡಿ ಮಾಡಿ ಇಡುವುದು, ಉಪ್ಪಿನ ಹದ, ಬಿಸಿಲಿನ ಹದ, ಮಳೆಯ ಮೋಡ ಕಂಡೊಡನೆ ಅಂಗಳದ ಚಾಪೆ ಎತ್ತುವ ಚುರುಕು, ಇದೂ ಒಂದು ವಿದ್ಯೆ. ಈಗ ಐಸ್ ಪೆಟ್ಟಿಗೆ ಕಟ್ಟಿದ ಬೈಕು, ಟೆಂಪೊಗಳು ಹಾರ್ನ್ ಹಾಕಿಕೊಂಡು ಮೀನು ಮಾರುತ್ತವೆ. ಹಾಗೆ ಮಾರುವವರ ದುಡಿಮೆಯ ಬಗ್ಗೆ ನನಗೆ ಗೌರವವಿದೆ. ಆದರೆ ನಡೆದು ಮಾರಿದ ಕೊನೆಯ ತಲೆಮಾರು ಈಗ ಹೋಗುತ್ತಿದೆ, ಅವರ ದಾರಿಗಳ ವಿವರ ಯಾರ ಬಳಿಯೂ ಬರಹದಲ್ಲಿಲ್ಲ. ಕೇಳಿ ಬರೆದುಕೊಂಡರೆ ಪ್ರತಿಯೊಂದು ದಾರಿಯೂ ಕರಾವಳಿ ಮತ್ತು ಒಳನಾಡಿನ ಸಂಬಂಧದ ಒಂದು ಅಧ್ಯಾಯವಾದೀತು.

ಇನ್ನು ಕಡಲಿನಿಂದ ಮರಳದವರು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಆಳಸಮುದ್ರದ ಬೋಟಿನಲ್ಲಿ ಏಳು ಜನರಿದ್ದರು; ಇಬ್ಬರು ಮಲ್ಪೆ ಕಡೆಯವರು, ಐವರು ಉತ್ತರ ಕನ್ನಡದವರು. ಡಿಸೆಂಬರ್ 15ರ ರಾತ್ರಿಯ ನಂತರ ಸಂಪರ್ಕ ಕಡಿಯಿತು. 2019ರ ಜನವರಿ 6ರಂದು ಸಾವಿರಾರು ಮೀನುಗಾರರು ಮಲ್ಪೆಯಿಂದ ನಡೆದು ಬಂದು ಹೆದ್ದಾರಿ ತಡೆದರು. ಮೇ ತಿಂಗಳ ಮೊದಲಲ್ಲಿ ನೌಕಾಪಡೆಯ ‘ನಿರೀಕ್ಷಕ್’ ಹಡಗು ಮಹಾರಾಷ್ಟ್ರದ ಮಾಲ್ವಣ ಕರಾವಳಿಯಿಂದ 33 ಕಿಲೊಮೀಟರ್ ದೂರದಲ್ಲಿ, ಸುಮಾರು 60 ಮೀಟರ್ ಆಳದಲ್ಲಿ ಬೋಟಿನ ಅವಶೇಷ ಪತ್ತೆ ಮಾಡಿತು. ಬೋಟು ಸಿಕ್ಕಿತು, ಮನುಷ್ಯರು ಸಿಗಲಿಲ್ಲ. ಆ ನಾಲ್ಕೂವರೆ ತಿಂಗಳು ಆ ಮನೆಗಳಲ್ಲಿ ಹೇಗೆ ಕಳೆದವೋ ಆ ಮನೆಯವರಿಗೇ ಗೊತ್ತು.

ದೇಹವಿಲ್ಲದ ಸಾವನ್ನು ಕಾನೂನು ಸುಲಭಕ್ಕೆ ಒಪ್ಪುವುದಿಲ್ಲ. ಏಳು ವರ್ಷ ಸುದ್ದಿಯೇ ಇಲ್ಲದವರನ್ನು ಸತ್ತವರೆಂದು ಭಾವಿಸಬಹುದು ಎನ್ನುವುದು 1872ರ ಸಾಕ್ಷ್ಯ ಅಧಿನಿಯಮದ 108ನೇ ಕಲಮಿನ ನಿಯಮ. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 111ನೇ ಕಲಮು. ಕಾಡಿನಲ್ಲೋ ಪೇಟೆಯಲ್ಲೋ ಕಾಣೆಯಾದವನಿಗೆ ಈ ನಿಯಮ ಸರಿ ಇರಬಹುದು. ನಡುಕಡಲಲ್ಲಿ ದೋಣಿ ಮುಳುಗಿದ್ದು ಖಚಿತವಾದ ಮೇಲೂ ಪ್ರಮಾಣಪತ್ರಕ್ಕೆ, ವಿಮೆಗೆ, ಬ್ಯಾಂಕಿಗೆ ಅಲೆಯಬೇಕಾದ ಹೆಂಗಸಿಗೆ ಏಳು ವರ್ಷ ಎಂದರೆ ಮಗುವೊಂದು ಹುಟ್ಟಿ ಎರಡನೇ ಕ್ಲಾಸು ಮುಟ್ಟುವ ಕಾಲ. 2017ರ ಓಖಿ ಚಂಡಮಾರುತದ ನಂತರ ಕೇರಳ ಸರ್ಕಾರ ಕಾಣೆಯಾದ ಮೀನುಗಾರರ ಕುಟುಂಬಗಳಿಗೆ ಏಳು ವರ್ಷ ಕಾಯಿಸದೆ ಪರಿಹಾರ ಕೊಟ್ಟಿತು. ಹಾಗೆ ಮಾಡಲು ಸಾಧ್ಯ ಎಂದಾಯಿತು. ಪ್ರತಿ ಸಲ ಹೊಸದಾಗಿ ಕೈಮುಗಿದು ಕೇಳಬೇಕಾಗದಂತೆ ಅದು ಎಲ್ಲ ಕಡಲತಡಿಯ ರಾಜ್ಯಗಳಲ್ಲೂ ಖಾಯಂ ಕ್ರಮವಾಗಬೇಕು.

ಮನೆಯೊಳಗಿನ ಪ್ರಶ್ನೆ ಇದಕ್ಕಿಂತ ಕಠಿಣ. ಕರಿಮಣಿ ತೆಗೆಯಬೇಕೇ, ಉತ್ತರಕ್ರಿಯೆಯ ಬೊಜ್ಜ ಮಾಡಬೇಕೇ, ಫೋಟೊಗೆ ಹಾರ ಹಾಕಬೇಕೇ? ದರ್ಭೆಯಲ್ಲಿ ಪ್ರತಿಕೃತಿ ಮಾಡಿ ದಹಿಸುವ ದಾರಿಯನ್ನು ಶಾಸ್ತ್ರ ಹೇಳುತ್ತದೆ. ಅದಕ್ಕೆ ಒಪ್ಪುವ ಗಳಿಗೆ ಮಾತ್ರ ಯಾರೂ ಹೇಳಿಕೊಡುವಂಥದ್ದಲ್ಲ. ನೀರಿನಲ್ಲಿ ಸಿಲುಕಿದ ದೇಹ ಹುಡುಕುವ ಮಲ್ಪೆಯ ಮುಳುಗುಗಾರ ಈಶ್ವರ ಮಲ್ಪೆ ಅವರಿಗೆ ದೂರದೂರದಿಂದ ಕರೆ ಬರುವುದು ಇದೇ ಕಾರಣಕ್ಕೆ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದಾಗ ಗಂಗಾವಳಿಯ ಸೆಳವಿನಲ್ಲಿ ಅವರು ಇಳಿದದ್ದನ್ನು ನಾಡೆಲ್ಲ ನೋಡಿತು. ದೇಹ ಸಿಕ್ಕರೆ ದುಃಖಕ್ಕೆ ಒಂದು ತಿಥಿ ಸಿಗುತ್ತದೆ. ವರ್ಷಕ್ಕೊಮ್ಮೆ ನೆನೆಯಲು ಆ ತಿಥಿ ಬೇಕು.

2020ರ ಡಿಸೆಂಬರ್ ಆರಂಭದಲ್ಲಿ ಮಂಗಳೂರು ಬೋಳಾರದ ‘ಶ್ರೀ ರಕ್ಷಾ’ ಬೋಟು ಮಗುಚಿ ಆರು ಜನ ಹೋದರು. 2025ರ ಜುಲೈ ನಡುವಿನಲ್ಲಿ ಗಂಗೊಳ್ಳಿಯ ನಾಡದೋಣಿ ಮಗುಚಿ ಮೂವರು ಹೋದರು. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳಿಗೆ ನಿಷೇಧ. ಸಣ್ಣ ಎಂಜಿನಿನ ನಾಡದೋಣಿಗಳಿಗೆ ಮಾತ್ರ ಅವಕಾಶ. ಕಡಲು ಅತಿ ಒರಟಾಗಿರುವ ತಿಂಗಳಲ್ಲಿ ಅತಿ ಸಣ್ಣ ದೋಣಿಯವನು ಅಳಿವೆ ಬಾಗಿಲು ದಾಟಬೇಕಾದ ಸ್ಥಿತಿ ಇದು. ಆಗ ಮೀನಿಗೆ ಒಳ್ಳೆಯ ಬೆಲೆ, ಮನೆಯಲ್ಲಿ ಶಾಲೆಯ ಖರ್ಚು. ಇದನ್ನು ಅರಿಯದೆ ‘ಎಚ್ಚರಿಕೆ ಲೆಕ್ಕಿಸದೆ ಹೋದರು’ ಎಂದು ಬರೆಯುವುದು ಸತ್ತವರಿಗೆ ಮಾಡುವ ಎರಡನೇ ಅಪಚಾರ.

ಆದರೆ ನೆನೆಯುವ ಕ್ರಮ ಈ ಜನರಿಗೆ ಗೊತ್ತಿಲ್ಲದ್ದೇನಲ್ಲ. ಆಟಿ ತಿಂಗಳು ಬರುವುದು ಬೋಟುಗಳು ದಡದಲ್ಲಿರುವ ಹೊತ್ತಿಗೇ. ತುಳುವರು ಆಗ ಕುಲೆಗಳಿಗೆ, ಎಂದರೆ ಮನೆಯಲ್ಲಿ ತೀರಿಹೋದವರಿಗೆ, ಬಾಳೆಯೆಲೆಯಲ್ಲಿ ಬಡಿಸುತ್ತಾರೆ. ಸತ್ತವರಿಗೆ ಬದುಕಿದ್ದಾಗ ಏನು ಇಷ್ಟವೋ ಅದೇ ಅಡುಗೆ: ಮೀನು, ಕೋಳಿ, ಸೇಂದಿ. ಬಾಗಿಲು ಎಳೆದು ಎಲ್ಲರೂ ಹೊರಗೆ ಕುಳಿತಾಗ ಮಾತು ತಾನಾಗಿ ಆ ಕಡೆ ಹೊರಳುತ್ತದೆ. ಅಜ್ಜನಿಗೆ ಬೂತಾಯಿ ಪುಳಿಮುಂಚಿ ಎಂದರೆ ಪ್ರಾಣ, ದೊಡ್ಡಮ್ಮ ಬಂಗುಡೆಯ ತಲೆಯನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ, ಮಾವ ಆ ವರ್ಷ ಅಳಿವೆಯಲ್ಲಿ ಮುಳುಗಿದವರನ್ನು ಜುಟ್ಟು ಹಿಡಿದು ಎಳೆದು ತಂದಿದ್ದ. ಪತ್ರಿಕೆಯ ನಾಲ್ಕು ಸಾಲಿನಲ್ಲಿ ಸಿಗದ ಮನುಷ್ಯ ಅಲ್ಲಿ ಸಿಗುತ್ತಾನೆ. ಮರವಂತೆಯಲ್ಲಿ ಕರ್ಕಾಟಕ ಅಮಾವಾಸ್ಯೆಗೆ ಕೃಷಿಕರೂ ಮೀನುಗಾರರೂ ಒಟ್ಟಿಗೆ ಕಡಲಲ್ಲಿ ಮೀಯುತ್ತಾರೆ. ನೂಲ ಹುಣ್ಣಿಮೆಗೆ ಮಲ್ಪೆಯ ವಡಭಾಂಡೇಶ್ವರದಲ್ಲಿ ಸಮುದ್ರಪೂಜೆ ನಡೆಯುತ್ತದೆ. ಅನ್ನ ಕೊಟ್ಟ ಕಡಲು, ಮಕ್ಕಳನ್ನು ಕೊಂಡುಹೋದ ಕಡಲು ಎರಡೂ ಒಂದೇ, ಹಾಲು ಎರೆಯುವುದು ಎರಡಕ್ಕೂ.

ಕಡಲಿನ ಹತ್ತಿರವೇ ಸಾಯುವ ಭಾಗ್ಯ ಎಲ್ಲರಿಗೂ ಸಿಗಲಿಲ್ಲ. 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ನೌಕಾನೆಲೆ ಯೋಜನೆಗಾಗಿ ಕಾರವಾರ ಅಂಕೋಲೆ ನಡುವಿನ ಹಳ್ಳಿಗಳು ತೆರವಾದವು. 2005ರಲ್ಲಿ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ಹುಟ್ಟಿದ ದಡಕ್ಕೆ ಮತ್ತೆ ಕಾಲಿಡಲಾಗದ ತಲೆಮಾರು ಪುನರ್ವಸತಿ ಕಾಲೊನಿಗಳಲ್ಲಿ ಮುಪ್ಪಾಗಿ ತೀರಿಕೊಳ್ಳುತ್ತಿದೆ. ಅವರ ನಿಧನ ವಾರ್ತೆಯಲ್ಲಿ ಊರಿನ ಹೆಸರು ಬರುವಾಗ ಹೊಸ ಕಾಲೊನಿಯ ಜೊತೆಗೆ ಹಳೆಯ ಊರಿನ ಹೆಸರನ್ನೂ ಬರೆಯುವುದು ಕನಿಷ್ಠ ಗೌರವ.

ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ‘ಅಳಿದ ಮೇಲೆ’ ಕಾದಂಬರಿಯಲ್ಲಿ ಸತ್ತ ಒಬ್ಬ ಪರಿಚಿತನ ಬದುಕನ್ನು ಅವನನ್ನು ಬಲ್ಲವರ ಮನೆ ಬಾಗಿಲಿಗೆ ಹೋಗಿ ಕೇಳಿ ಜೋಡಿಸುವ ಕತೆ ಹೇಳಿದ್ದಾರೆ. ಆ ಕೆಲಸ ಕಾದಂಬರಿಕಾರನಿಗೇ ಮೀಸಲಲ್ಲ. ಪ್ರತಿ ಪಟ್ಣದಲ್ಲೂ ಭಜನಾ ಮಂದಿರವಿದೆ, ಗುರಿಕಾರರಿದ್ದಾರೆ, ಯುವಕ ಮಂಡಲವಿದೆ, ಶಾಲೆಯಿದೆ. ಮುಂಬಯಿಯಲ್ಲಿ 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ದಶಕಗಳಿಂದ ‘ಮೊಗವೀರ’ ಎಂಬ ಪತ್ರಿಕೆಯನ್ನೇ ನಡೆಸಿಕೊಂಡು ಬಂದಿದೆ. ಬರೆಯುವ ಪರಂಪರೆ ಇಲ್ಲ ಎನ್ನುವಂತಿಲ್ಲ. ಹದಿಮೂರನೆಯ ದಿನ ನೆಂಟರೆಲ್ಲ ಒಂದೆಡೆ ಸೇರುತ್ತಾರಲ್ಲ, ಆಗ ಮನೆಯ ಓದುವ ಹುಡುಗಿಯೊಬ್ಬಳು ನೋಟುಬುಕ್ಕು ಹಿಡಿದು ಕೂರಲಿ. ಮೊದಲ ದೋಣಿ ಯಾವುದು, ಜೊತೆಗೆ ಯಾರಿದ್ದರು, ಬಲೆ ಕಟ್ಟಲು ಯಾರು ಕಲಿಸಿದರು, ಯಾವ ಕಲ್ಲಿಗೆ ಯಾವ ಹೆಸರು, ಅಮ್ಮ ಯಾವ ದಾರಿಯಲ್ಲಿ ಮೀನು ಮಾರಲು ಹೋಗುತ್ತಿದ್ದಳು, ಯಾವ ಮನೆಯವರು ಮಜ್ಜಿಗೆ ಕೊಡುತ್ತಿದ್ದರು. ಒಂದು ಮಧ್ಯಾಹ್ನದ ಕೆಲಸ. ಪತ್ರಿಕೆಗಳೂ ವಾರಕ್ಕೆ ಒಬ್ಬರಂತೆ ಇಂಥ ಸಾಮಾನ್ಯರ ಬದುಕಿಗೆ ಅರ್ಧ ಪುಟ ಕೊಡಬಹುದು. ಓದುಗರು ಅದನ್ನು ಕತ್ತರಿಸಿ ಇಟ್ಟುಕೊಂಡಾರು.

ಅಮೆರಿಕದ ಗ್ಲೌಸ್ಟರ್ ಎಂಬ ಮೀನುಗಾರರ ಪಟ್ಟಣದಲ್ಲಿ ಚುಕ್ಕಾಣಿ ಹಿಡಿದ ನಾವಿಕನ ಪ್ರತಿಮೆ 1925ರಿಂದ ಕಡಲಿಗೆ ಮುಖ ಮಾಡಿ ನಿಂತಿದೆ. ಅದರ ಸುತ್ತಲ ಫಲಕಗಳಲ್ಲಿ ಕಡಲು ಪಾಲಾದ 5,368 ಜನರ ಹೆಸರುಗಳಿವೆ. 2001ರಲ್ಲಿ ಮೀನುಗಾರರ ಹೆಂಡಂದಿರಿಗೂ ಅಲ್ಲಿ ಬೇರೆಯೇ ಸ್ಮಾರಕವಾಯಿತು. ನಮ್ಮ ಬಂದರುಗಳಲ್ಲಿಯೂ ಊರುವಾರು ಹೆಸರು ಕೆತ್ತಿಸಿದ ಒಂದು ಗೋಡೆ ಬರಬೇಕು ಎನ್ನುವುದು ನನ್ನ ಆಸೆ. ಹಾಗೆ ಬಂದರೆ ಅದರಲ್ಲಿ ಯಾರ ಹೆಸರಿರಬೇಕು ಎನ್ನುವ ಪ್ರಶ್ನೆಗೂ ಈಗಲೇ ಉತ್ತರಿಸಬೇಕು.

ಯಾಕೆಂದರೆ ಇಂದು ಮಂಗಳೂರಿನ ದಕ್ಕೆಯಲ್ಲಿ, ಮಲ್ಪೆಯಲ್ಲಿ ಬೋಟು ಹತ್ತುವ ಕಲಾಸಿಗಳಲ್ಲಿ ಬಹಳ ಮಂದಿ ಹೊರಗಿನವರು. ಆಂಧ್ರದವರು, ಒಡಿಶಾದವರು, ತಮಿಳುನಾಡಿನವರು, ಜಾರ್ಖಂಡದಂಥ ಕಡಲೇ ಇಲ್ಲದ ನಾಡಿನ ಹುಡುಗರು. ಹತ್ತು ಹನ್ನೆರಡು ದಿನ ಆಳಸಮುದ್ರದಲ್ಲಿದ್ದು, ಮೀನು ಇಳಿಸಿ, ಮತ್ತೆ ಐಸು ತುಂಬಿಸಿ ಹೊರಡುತ್ತಾರೆ. ಇವರಲ್ಲಿ ಒಬ್ಬ ನೀರಿಗೆ ಬಿದ್ದು ಸತ್ತರೆ ಇಲ್ಲಿಯ ಪತ್ರಿಕೆಯಲ್ಲಿ ‘ಹೊರರಾಜ್ಯದ ಕಾರ್ಮಿಕ ಸಾವು’ ಎಂದು ಎರಡು ಸಾಲು ಬರುತ್ತದೆ. ಹೆಸರಿನ ಅಕ್ಷರವೂ ಕೆಲವೊಮ್ಮೆ ಸರಿಯಿರುವುದಿಲ್ಲ. ಅವನ ಬಂಧುಬಳಗ ಎಲ್ಲಿದೆ ಎಂದು ಯಾರೂ ಬರೆಯುವುದಿಲ್ಲ. 2008ರ ಮುಂಬಯಿ ದಾಳಿಯ ನಂತರ ಮೀನುಗಾರರಿಗೆಲ್ಲ ಗುರುತಿನ ಚೀಟಿ ಕೊಡುವ ವ್ಯವಸ್ಥೆ ಬಂತು. ಹೆಸರು, ಊರು, ತಂದೆಯ ಹೆಸರು, ಬೆರಳಚ್ಚು ಎಲ್ಲ ಅದಕ್ಕಾಗಿ ಪಡೆದರು. ಹಾಗಾದರೆ ಇಲ್ಲಿ ದುಡಿದು ಇಲ್ಲಿಯ ಕಡಲಲ್ಲಿ ಸತ್ತವನ ಹೆಸರನ್ನು ಇಲ್ಲಿಯವರ ಹೆಸರಿನ ಪಕ್ಕದಲ್ಲೇ, ತಪ್ಪಿಲ್ಲದ ಅಕ್ಷರದಲ್ಲಿ ಬರೆಯುವುದು ಕಷ್ಟದ ಕೆಲಸವೇನಲ್ಲ. ಅವನ ಊರಿಗೆ ಫೋನು ಮಾಡಿ, ಅವನು ಎಷ್ಟನೇ ವಯಸ್ಸಿಗೆ ಮನೆ ಬಿಟ್ಟ, ಯಾರಿಗಾಗಿ ದುಡ್ಡು ಕಳಿಸುತ್ತಿದ್ದ ಎಂದು ಕೇಳಿ ಬರೆದರೆ ಇನ್ನೂ ಒಳ್ಳೆಯದು. ಜೊತೆಯಲ್ಲಿ ದುಡಿದ ತಾಂಡೇಲರ ಬಳಿ ಆ ನಂಬರು ಇದ್ದೇ ಇರುತ್ತದೆ.